‘ಒಂದು ಗಳಿಗೆ ಹಿಡಿದುಕೊಳ್ಳಿ’: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ಕಥೆಯ ಕುರಿತಾಗಿವೆ. ಬದಿಯಡ್ಕದ ಓದುಗರೊಬ್ಬರು ತಾವು ಬರೆದ ಹಾಸ್ಯಕಥೆಯನ್ನು ಊರಿನ ವಾಚನಾಲಯದ ಕೂಟದಲ್ಲಿ ಓದಿದ್ದರು. ಕೇಳಿದವರಲ್ಲಿ ಕೆಲವರು ತಮಗೆ ತೋಚಿದ ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ನಮಗೆ ಬರೆದಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡರೆ ಬರೆದವರಿಗೂ ಕೇಳಿದವರಿಗೂ ಉಪಯೋಗವಾದೀತೆಂದು ಈ ಸಲದ ಪುಟಗಳನ್ನು ಆ ಕಥೆಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಕಥೆಯ ನಾಯಕ ಕುಂಬಳೆಯ ಕಡೆಯ ಒಂದು ರೇಷನ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ವಯಸ್ಸು 46. ಹೆಂಡತಿಗೆ 41, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಮದುವೆಯಾಗಿ 16 ವರ್ಷವಾದರೂ ಮಕ್ಕಳಾಗಿಲ್ಲ. ಬಯಲಾಟದ ಒಂದು ರಾತ್ರಿ ಪರಿಚಯವಿಲ್ಲದ ತಾಯಿಯೊಬ್ಬಳು ‘ಒಂದು ಗಳಿಗೆ ಹಿಡಿದುಕೊಳ್ಳಿ’ ಎಂದು ಐದು ತಿಂಗಳ ಮಗುವನ್ನು ಇವಳ ಕೈಗೆ ಕೊಟ್ಟು, ಸಂತೆಯಲ್ಲಿ ತಪ್ಪಿಹೋದ ದೊಡ್ಡ ಮಗನನ್ನು ಹುಡುಕಲು ಹೋಗುತ್ತಾಳೆ. ದಂಪತಿ ಮಗುವಿನೊಂದಿಗೆ ಮನೆಗೆ ಬಂದುಬಿಡುತ್ತಾರೆ. ಮರುದಿನ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತಾರೆ. ಜೀವಮಾನದಲ್ಲಿ ಒಂದು ಸುಳ್ಳು ಲೆಕ್ಕ ಬರೆಯದ ಗಂಡ ಮಗುವಿಗಾಗಿ ಮಾಡಿದ ಖರ್ಚನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಡುತ್ತಾನೆ. ಕೊನೆಗೆ ಆ ಪುಸ್ತಕದಿಂದಲೇ ಸಿಕ್ಕಿಬೀಳುತ್ತಾನೆ. ಕಥೆಯ ಮೊದಲರ್ಧಕ್ಕೆ ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು, ಒಬ್ಬರು ಎದ್ದು ಹೊರಗೆ ಹೋದರು. ಹಾಸ್ಯ, ದುಃಖ ಇವೆರಡರಲ್ಲಿ ನಾನು ಯಾವುದನ್ನು ಬಿಡಬೇಕು? (ಬದಿಯಡ್ಕ)

ಉತ್ತರ: ಎರಡನ್ನೂ ಬಿಡಬೇಡಿ. ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿ ರಸಗಳೆಂದು ನಮ್ಮ ಆಲಂಕಾರಿಕರು ಹೇಳಿರುವುದು ನಿಜ. ನಿಮ್ಮ ಕಥೆಯಲ್ಲಿ ಈ ಮೂರೂ ಇವೆ: ಮಗುವಿಲ್ಲದ ಶೋಕ, ಪೊಲೀಸರ ಭಯ, ಲೆಕ್ಕದ ಪುಸ್ತಕದ ನಗು. ಆದರೆ ನಾಟ್ಯಶಾಸ್ತ್ರದ ಭರತ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಹಾಸ್ಯ ಹುಟ್ಟುವುದು ಶೃಂಗಾರದಿಂದ, ಅದು ಶೃಂಗಾರದ ಅನುಕರಣೆ ಎನ್ನುತ್ತಾನೆ. ಅದನ್ನು ನಿಮ್ಮ ಕಥೆಗೆ ಹಚ್ಚಿ ನೋಡಿ. ನಿಮ್ಮ ದಂಪತಿ ಅಪ್ಪ ಅಮ್ಮನನ್ನು ಅನುಕರಿಸುತ್ತಿದ್ದಾರೆ. ಹದಿನಾರು ವರ್ಷ ಊರಿನ ಮಕ್ಕಳಿಗೆಲ್ಲ ಅಂಗಿ ಹೊಲಿದ ಹೆಂಗಸಿಗೆ ಯಾವ ತಿಂಗಳಿಗೆ ಎದೆಯ ಅಳತೆ ಎಷ್ಟೆಂಬುದು ಬಾಯಿಪಾಠವಾಗಿದ್ದರೂ ಅಳುವ ಕೂಸಿನ ಕುತ್ತಿಗೆಗೆ ಕೈಯನ್ನು ಎಲ್ಲಿ ಕೊಡಬೇಕೆಂಬುದು ಗೊತ್ತಿಲ್ಲ. ಊರಿನ ಪ್ರತಿ ಕಾರ್ಡಿನಲ್ಲಿ ಎಷ್ಟು ಹೆಸರಿವೆಯೆಂದು ಬಲ್ಲ ಗಂಡಸಿಗೆ ತನ್ನ ಕಾರ್ಡಿನಲ್ಲಿ ಎರಡೇ ಹೆಸರಿರುವುದು ದಿನವೂ ಕಾಣುತ್ತದೆ. ಇವರಿಬ್ಬರೂ ಬಲ್ಲದ್ದು ಎಷ್ಟು, ಅರಿಯದ್ದು ಎಷ್ಟು ಎಂಬ ಅಂತರದಲ್ಲಿ ನಿಮ್ಮ ನಗು ಇದೆ. ಅಲ್ಲಿಂದ ಎಷ್ಟು ಬೇಕಾದರೂ ನಗು ತೆಗೆಯಿರಿ. ಆ ಇಬ್ಬರ ಖಾಲಿ ಮನೆಯಿಂದ ಮಾತ್ರ ಒಂದು ನಗುವನ್ನೂ ತೆಗೆಯಬೇಡಿ. ನಿಮ್ಮ ಹಸ್ತಪ್ರತಿಯಲ್ಲಿ ನೆರೆಮನೆಯವನು ಹರಕೆಗಳ ಪಟ್ಟಿ ಹೇಳಿ ಅಣಕಿಸುವ ಒಂದು ಭಾಗವಿದೆ. ನಗು ನಿಂತದ್ದು ಅಲ್ಲಿಂದಲೇ ಇರಬೇಕೆಂದು ನನಗನ್ನಿಸುತ್ತದೆ. ಅದನ್ನು ತೆಗೆದುಬಿಡಿ.

ಮಗುವಿನ ಹಂಬಲ ಅಪರಾಧಕ್ಕೆ ತಿರುಗುವ ಕಥೆ ನಮ್ಮಲ್ಲಿ ಹೊಸದಲ್ಲ. ಐತರೇಯ ಬ್ರಾಹ್ಮಣವೆಂಬ ವೇದಗ್ರಂಥದಲ್ಲಿ ಬರುವ ಶುನಃಶೇಪನ ಕಥೆಯನ್ನು ನೆನೆಯಿರಿ. ಅಲ್ಲಿಯ ಹರಿಶ್ಚಂದ್ರನಿಗೆ ನೂರು ಹೆಂಡಿರಿದ್ದರೂ ಮಗನಿಲ್ಲ. ಮಗ ಹುಟ್ಟಿದರೆ ಅವನನ್ನೇ ಬಲಿಕೊಡುತ್ತೇನೆಂದು ವರುಣನಿಗೆ ಮಾತು ಕೊಡುತ್ತಾನೆ. ರೋಹಿತ ಹುಟ್ಟುತ್ತಾನೆ, ವರುಣ ಬಂದು ಕೇಳುತ್ತಾನೆ. ಹತ್ತು ದಿನ ಕಳೆಯಲಿ ಎನ್ನುತ್ತಾನೆ ಅರಸ. ಆಮೇಲೆ ಹಲ್ಲು ಬರಲಿ, ಹಾಲುಹಲ್ಲು ಬೀಳಲಿ, ಮತ್ತೆ ಹಲ್ಲು ಹುಟ್ಟಲಿ, ಕವಚ ತೊಡುವ ವಯಸ್ಸಾಗಲಿ ಎಂದು ಒಂದೊಂದಾಗಿ ಗಡುವು ಕೇಳುತ್ತ ಹೋಗುತ್ತಾನೆ. ಸಾಲ ಕೊಟ್ಟವನನ್ನು ಬಾಗಿಲಿನಿಂದ ತಿರುಗಿಸಿ ಕಳಿಸುವ ಗೃಹಸ್ಥನಂತೆ ಅರಸನೊಬ್ಬ ದೇವರನ್ನು ತಿರುಗಿಸಿ ಕಳಿಸುವುದನ್ನು ಓದುವಾಗ ನಗು ಬಾರದಿರದು. ಆದರೆ ಪ್ರತಿ ಗಡುವಿಗೂ ಆ ಮಗು ಬೆಳೆಯುತ್ತಿದೆ, ಅಪ್ಪನಿಗೆ ಅದರ ಮೇಲಿನ ಪ್ರೀತಿಯೂ ಬೆಳೆಯುತ್ತಿದೆ. ಮುಂದೆ ರೋಹಿತ ತನ್ನ ಬದಲಿಗೆ ಅಜೀಗರ್ತನೆಂಬ ಬಡ ಬ್ರಾಹ್ಮಣನ ನಡುವಣ ಮಗ ಶುನಃಶೇಪನನ್ನು ನೂರು ಹಸುಗಳಿಗೆ ಕೊಳ್ಳುತ್ತಾನೆ. ಹಿರಿಯನನ್ನು ಅಪ್ಪ ಬಿಡಲೊಲ್ಲ, ಕಿರಿಯನನ್ನು ತಾಯಿ ಬಿಡಲೊಲ್ಲಳು. ಯೂಪಕ್ಕೆ, ಅಂದರೆ ಬಲಿಗಂಬಕ್ಕೆ, ಕಟ್ಟಲು ಇನ್ನೂ ನೂರು, ಕಡಿಯಲು ಮತ್ತೂ ನೂರು ಹಸುಗಳನ್ನು ಹೆತ್ತ ತಂದೆಯೇ ಕೇಳುವಾಗ ನಗು ಇದ್ದ ಜಾಗದಲ್ಲಿ ನಡುಕ ಬಂದಿರುತ್ತದೆ. ಕೊನೆಗೆ ಬಲಿಯಿಂದ ಪಾರಾದ ಆ ಹುಡುಗ ಮಾರಿದ ಅಪ್ಪನೊಂದಿಗೆ ಹೋಗುವುದಿಲ್ಲ. ವಿಶ್ವಾಮಿತ್ರ ಅವನನ್ನು ಮಗನಾಗಿ ಸ್ವೀಕರಿಸಿ ದೇವರಾತನೆಂದು ಕರೆಯುತ್ತಾನೆ. ಈ ಕಥೆಯಲ್ಲಿ ನಗು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪೆನ್ಸಿಲು ಹಿಡಿದು ಗುರುತು ಮಾಡಿ ನೋಡಿ. ಬೇರೊಬ್ಬರ ಮಗು ಬೆಲೆಗೆ ಒಳಗಾದ ಕೂಡಲೇ ನಗು ನಿಲ್ಲುತ್ತದೆ.

ಅದಕ್ಕಾಗಿಯೇ ನಿಮ್ಮ ಕಥೆಯ ದೊಡ್ಡ ಕೊರತೆಯನ್ನು ಬಿಚ್ಚಿ ಹೇಳಬೇಕಾಗಿದೆ. ಹೆತ್ತ ತಾಯಿ ಮೊದಲ ಪುಟದಲ್ಲಿ ಮಗುವನ್ನು ಕೊಟ್ಟು ಹೋದವಳು ಕೊನೆಯ ಪುಟದವರೆಗೆ ಎಲ್ಲಿಯೂ ಕಾಣಿಸುವುದಿಲ್ಲ. ಬಯಲಾಟದ ಗದ್ದೆಯಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿ, ಪಕ್ಕದ ಹೆಂಗಸಿಗೆ ‘ಒಮ್ಮೆ ನೋಡಿಕೊಳ್ಳಿ’ ಎಂದು ಹೇಳಿ ಚಾ ತರಲು ಹೋಗುವುದು ನಮ್ಮ ಕಡೆ ತೀರ ಸಹಜವಾದ ಮಾತು. ಆ ನಂಬಿಕೆಯ ಮೇಲೆ ನಿಮ್ಮ ಕಥೆಯ ಅಪರಾಧ ನಿಂತಿದೆ. ಆಟ ಮುಗಿದು, ಜನರೆಲ್ಲ ಚಾಪೆ ಸುತ್ತಿಕೊಂಡು ಹೋದ ಮೇಲೆ, ಗದ್ದೆಯ ನಡುವೆ ಒಬ್ಬ ಮಗನ ಕೈ ಹಿಡಿದು ನಿಂತ ತಾಯಿಯನ್ನು ನೀವು ಒಂದು ಪುಟದಷ್ಟಾದರೂ ಬರೆಯಲೇಬೇಕು. ಅವಳನ್ನು ಕಂಡ ಓದುಗ ಆಮೇಲೆ ನಕ್ಕರೆ ಆ ನಗುವಿಗೆ ನೀವು ಅಂಜಬೇಕಾಗಿಲ್ಲ.

ಇನ್ನೊಂದು ಸಲಹೆ. ಆ ರಾತ್ರಿಯ ಆಟ ಯಾವುದು, ಆಡಿಸಿದವರು ಯಾರು ಎಂದು ನೀವು ಬರೆದಿಲ್ಲ. ಮಗುವಾದರೆ ಆಟ ಆಡಿಸುತ್ತೇವೆಂದು ಹರಕೆ ಹೊರುವವರು ನಮ್ಮಲ್ಲಿ ಇದ್ದಾರೆ. ಅಂಥ ಒಂದು ಮನೆಯವರ ಹರಕೆಯಾಟ ಅದಾಗಿರಲಿ. ರಂಗಸ್ಥಳದಲ್ಲಿ ದಶರಥ ಪುತ್ರಕಾಮೇಷ್ಟಿಯ ಪಾಯಸದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುವ ಹೊತ್ತಿಗೇ ಈ ಹೆಂಗಸಿನ ಎರಡೂ ಕೈಗೆ ಮಗು ಬರಲಿ.

ಪ್ರಶ್ನೆ: ಎದ್ದು ಹೊರಗೆ ಹೋದವಳು ನಾನೇ. ಮದುವೆಯಾಗಿ 14 ವರ್ಷವಾಯಿತು, ಮಕ್ಕಳಿಲ್ಲ. ಆ ಹೆಂಗಸು ಮಗುವಿಗೆ ಸ್ನಾನ ಮಾಡಿಸಲು ಹೊರಟ ಭಾಗದಲ್ಲಿ ನನಗೂ ನಗು ಬಂತು. ನಗು ಬಂದದ್ದಕ್ಕೆ ನನ್ನ ಮೇಲೆಯೇ ಬೇಸರವಾಗಿ ಹೊರಗೆ ಹೋದೆ. ನಮ್ಮಂಥವರನ್ನು ಇಟ್ಟುಕೊಂಡು ನಗಿಸುವ ಕಥೆ ಬರೆಯುವುದು ಸರಿಯೇ? (ಮುಳ್ಳೇರಿಯ)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನೀವು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ. ನಗುವಿನಲ್ಲಿ ಆರು ಬಗೆಯೆಂದು ಭರತ ಹೇಳುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದಂತೆ ಕೆನ್ನೆಯಷ್ಟೇ ಅರಳುವ ಸ್ಮಿತದಿಂದ ಮೊದಲ್ಗೊಂಡು ಪಕ್ಕೆ ಹಿಡಿದುಕೊಂಡು ಗಹಗಹಿಸುವ ಅತಿಹಸಿತದವರೆಗೆ ಅವನ ಪಟ್ಟಿ ಹೋಗುತ್ತದೆ. ನಿಮಗೆ ಬಂದದ್ದು ಮೊದಲ ಬಗೆಯದು. ತನ್ನಂಥವಳೊಬ್ಬಳನ್ನು ಕಂಡು, ಗುರುತು ಹಿಡಿದು ಬಂದ ನಗು ಅದು. ಮದುವೆಮನೆಯ ಪಂಕ್ತಿಯಲ್ಲಿ ‘ಇನ್ನೂ ಏನೂ ಆಗಲಿಲ್ಲವಾ?’ ಎಂದು ಕೇಳಿ ಪಕ್ಕದವರ ಮುಖ ನೋಡುವವರ ನಗುವೇ ಬೇರೆ, ಇದೇ ಬೇರೆ.

ನಿಮ್ಮ ಪತ್ರ ಓದಿದಾಗ ನನಗೆ ನನ್ನ ಸೋದರತ್ತೆಯ ನೆನಪು ಬಂತು. ಪೆರ್ಲದ ಹತ್ತಿರ ಅವರ ಮನೆ, ಅವರಿಗೂ ಮಕ್ಕಳಿರಲಿಲ್ಲ. ನಮ್ಮ ಕಡೆ ಹಸುಗೂಸನ್ನು ಅಡಿಕೆಯ ಹಾಳೆಯಲ್ಲಿ ಮಲಗಿಸಿ ಮೀಯಿಸುವ ಕ್ರಮವಿದೆಯಷ್ಟೆ. ಪ್ರತಿ ವರ್ಷ ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ಅಗಲವಾದ, ಸೀಳಿಲ್ಲದ, ಒಳಮೈ ಬೆಳ್ಳಗೆ ನುಣುಪಾಗಿರುವ ಒಂದನ್ನು ಅತ್ತೆ ಆರಿಸಿ, ನೀರಿನಲ್ಲಿ ನೆನೆಸಿ, ಅಂಚು ಮಡಚಿಕೊಳ್ಳದಂತೆ ಕಲ್ಲು ಹೇರಿ ಒಣಗಿಸಿ ಅಟ್ಟದಲ್ಲಿಡುತ್ತಿದ್ದರು. ನೆರೆಕರೆಯಲ್ಲಿ ಯಾರ ಮನೆಯಲ್ಲಿ ಬಾಣಂತನವಾದರೂ ಹಾಳೆ ಅತ್ತೆಯ ಮನೆಯಿಂದಲೇ ಹೋಗುತ್ತಿತ್ತು. ಅವರು ಅದನ್ನು ತಮಗಾಗಿ ಇಡಲು ಆರಂಭಿಸಿದ್ದರೋ ಊರಿಗಾಗಿಯೋ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಹಾಳೆ ಕೊಂಡುಹೋಗಲು ಬಂದವರಿಗೆ, ಹಿಮ್ಮಡಿಯ ಕಡೆಯನ್ನು ಸ್ವಲ್ಪ ಎತ್ತರಿಸಿ ಇಟ್ಟರೆ ನೀರು ಕಿವಿಗೆ ಹೋಗುತ್ತದೆ, ತಲೆಯ ಕಡೆಯೇ ಎತ್ತರವಿರಲಿ ಎಂದು ಹೇಳಿ ಕಳಿಸುತ್ತಿದ್ದರು. ಒಂದು ಮಗುವನ್ನೂ ಮೀಯಿಸದೆ ಅವರು ಅದನ್ನು ಹೇಗೆ ಕಲಿತರೆಂದು ಈಗ ಯೋಚಿಸಿದರೆ ಎದೆ ತುಂಬಿ ಬರುತ್ತದೆ.

ಬರೆದವರಿಗೆ ನಿಮ್ಮ ಪತ್ರವನ್ನು ತೋರಿಸಿದ್ದೇನೆ. ಹಸ್ತಪ್ರತಿಯಲ್ಲಿ ಮೂರು ಕಡೆ ಬಂದಿದ್ದ ‘ಬಂಜೆ’ ಎಂಬ ಶಬ್ದವನ್ನು ಅವರು ಕಿತ್ತುಹಾಕಿದ್ದಾರೆ. ಮಕ್ಕಳಾಗದಿರುವುದಕ್ಕೆ ಕಾರಣ ಗಂಡಸಿನಲ್ಲಿಯೂ ಇರುತ್ತದೆ, ಇಬ್ಬರಲ್ಲಿಯೂ ಇರುತ್ತದೆ. ಹಾಗಿರುವಾಗ ಹೆಂಗಸಿಗಷ್ಟೇ ಅಂಟುವ ಆ ಶಬ್ದವನ್ನು ಪಾತ್ರದ ಬಾಯಲ್ಲಿಯೂ ಇಡಬೇಕಾದ ಅಗತ್ಯ ಈ ಕಥೆಗಿಲ್ಲ.

ಪ್ರಶ್ನೆ: ಮಗುವನ್ನು ತಾಯಿಯೇ ಕೈಯಾರೆ ಕೊಟ್ಟಿರುವಾಗ ಇದು ಅಪಹರಣ ಹೇಗಾಗುತ್ತದೆ? ಅವರು ರಾಜ್ಯದ ಗಡಿ ದಾಟಿದರೆ ಯಾವ ಊರಿನ ಪೊಲೀಸರು ಹಿಡಿಯಬೇಕು? (ನಿವೃತ್ತ ಅಧ್ಯಾಪಕರು, ಮಂಜೇಶ್ವರ)

ಉತ್ತರ: ತಾಯಿ ಒಪ್ಪಿದ್ದು ಒಂದು ಗಳಿಗೆ ಹಿಡಿದುಕೊಳ್ಳಲು ಮಾತ್ರ. ಕಾನೂನುಬದ್ಧ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅವರ ವಶದಿಂದ ಒಯ್ದರೆ ಅದು ಅಪಹರಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೆಯ ವಿಧಿಯಂತೆ ಅದಕ್ಕೆ ಏಳು ವರ್ಷದವರೆಗೆ ಸೆರೆಯೂ ದಂಡವೂ ಇದೆ. ಒಯ್ದವರು ಮಗುವನ್ನು ಮುದ್ದಿನಿಂದ ನೋಡಿಕೊಂಡರೆಂಬುದರಿಂದ ಅಪರಾಧ ಅಪರಾಧವಲ್ಲದೆ ಹೋಗುವುದಿಲ್ಲ. ಗಡಿಯ ಮಾತಿಗೆ ಬಂದರೆ, ಕೃತ್ಯ ಎಲ್ಲಿಯೇ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿಯಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ. ಹಾಗಾಗಿ ತಲಪಾಡಿ ದಾಟಿದರೆ ಬಚಾವಾದೆವೆಂದು ನಿಟ್ಟುಸಿರು ಬಿಡುವ ಗಂಡನ ಲೆಕ್ಕ ಅಲ್ಲಿಯೇ ತಪ್ಪಿದೆ. ಅವನು ಜೀವನದಲ್ಲಿ ತಪ್ಪಿದ ಮೊದಲ ಲೆಕ್ಕ ಅದಾಗಬಹುದು.

ಕಥೆಗಾರರಿಗೆ ಉಪಯೋಗವಾಗುವ ಇನ್ನೊಂದು ಸಂಗತಿಯೂ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ತಪ್ಪಿಹೋದ ಅಥವಾ ಬಿಟ್ಟುಹೋದ ಮಗು ಯಾರಿಗೇ ಸಿಕ್ಕರೂ ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ 1098 ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ತಿಳಿಸದಿದ್ದರೆ ಅದೂ ಶಿಕ್ಷಾರ್ಹ. ಮಗು ‘ಸಿಕ್ಕಿದ್ದು’ ಎಂದು ದಂಪತಿ ತಮಗೆ ತಾವೇ ಹೇಳಿಕೊಳ್ಳುತ್ತಾರಲ್ಲವೇ? ಹಾಗಾದರೆ ಆ ಮಾತನ್ನು ನಂಬಲು ಅವರಿಗೆ ಇರುವುದು ಒಂದು ಹಗಲು ಒಂದು ರಾತ್ರಿ. ಗಂಡ ನೋಟುಪುಸ್ತಕದ ಅಂಚಿನಲ್ಲಿ ಗಂಟೆಗಳನ್ನೂ ಬರೆದುಕೊಳ್ಳಲಿ.

ಪ್ರಶ್ನೆ: ಇಷ್ಟು ಪ್ರಾಮಾಣಿಕರಾದವರು ಕ್ರಮಪ್ರಕಾರ ದತ್ತು ತೆಗೆದುಕೊಳ್ಳಬಾರದಿತ್ತೇ? ಅದನ್ನು ಹೇಳದಿದ್ದರೆ ಕಥೆ ನಂಬಿಕೆಗೆ ಬರುವುದಿಲ್ಲ. (ಉಪ್ಪಳ)

ಉತ್ತರ: ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕಥೆಯ ಮೊದಲ ಸಾಲಿನಲ್ಲಿಯೇ ಕಥೆಗಾರರಿಗೂ ತಿಳಿಯದಂತೆ ಅಡಗಿದೆ. ಕೇಂದ್ರೀಯ ದತ್ತು ಸ್ವೀಕಾರ ಸಂಪನ್ಮೂಲ ಪ್ರಾಧಿಕಾರದ, ಅಂದರೆ ಎಲ್ಲರೂ ‘ಕಾರಾ’ ಎಂದು ಕರೆಯುವ ಸಂಸ್ಥೆಯ ಮೂಲಕ ನಡೆಯುವ ದತ್ತುವಿಗೆ 2022ರ ನಿಯಮಗಳಿವೆ. ದಂಪತಿಗೆ ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯವಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು, ಮಗುವಿಗೂ ಅವರಿಗೂ 25 ವರ್ಷಕ್ಕೆ ಕಡಿಮೆಯಿಲ್ಲದ ಅಂತರವಿರಬೇಕು. ಇದಲ್ಲದೆ ಗಂಡಹೆಂಡಿರ ವಯಸ್ಸನ್ನು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಆ ಮೊತ್ತ 85ನ್ನು ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟರವರೆಗೆ 100, ಅದಕ್ಕೂ ದೊಡ್ಡ ಮಕ್ಕಳಿಗೆ 110.

ಈಗ 46ಕ್ಕೆ 41ನ್ನು ಕೂಡಿಸಿ: 87. ಕಳೆದ ವರ್ಷ ಹೆಸರು ನೋಂದಾಯಿಸಿದ್ದರೆ ಸರಿಯಾಗಿ 85 ಇರುತ್ತಿತ್ತು. ಇಬ್ಬರ ವಯಸ್ಸಿನ ಮೊತ್ತ ವರ್ಷಕ್ಕೆ ಎರಡೆರಡಾಗಿ ಏರುತ್ತದೆ ಎಂಬುದು ಲೆಕ್ಕ ಬರೆಯುವವನಿಗೆ ಹೊಳೆಯದೆ ಹೋಯಿತು. ಇನ್ನೊಂದು ಹರಕೆ ನೋಡೋಣ, ಇನ್ನೊಬ್ಬ ವೈದ್ಯರನ್ನು ನೋಡೋಣ, ಮುಂದಿನ ಆಶ್ಲೇಷಾ ಬಲಿ ಆಗಲಿ ಎಂದು ಮುಂದೂಡುತ್ತ ಬಂದ ಆ ಒಂದು ವರ್ಷದಲ್ಲಿ ತೊಟ್ಟಿಲಿನ ಮಗುವಿನ ಬಾಗಿಲು ಮುಚ್ಚಿತು. ಹಲ್ಲು ಬರಲಿ, ಹಲ್ಲು ಬೀಳಲಿ ಎಂದ ಹರಿಶ್ಚಂದ್ರನ ಗಡುವುಗಳು ಇಲ್ಲಿ ತಲೆಕೆಳಗಾಗಿ ಬಂದಿವೆ. ಆದರೆ ಎರಡರಿಂದ ನಾಲ್ಕು ವರ್ಷದ ಮಗುವಿನ ಬಾಗಿಲು ಇನ್ನೂ ತೆರೆದಿದೆ. ಈ ವರ್ಷ 87, ಬರುವ ವರ್ಷ 89, ಅದರಾಚೆ 91. ಇದನ್ನು ಗಂಡ ತಿಳಿಯುವ ಕ್ಷಣವೇ ನಿಮ್ಮ ಕಥೆಯ ತಿರುವು ಎಂದು ನಾನು ಬಲವಾಗಿ ನಂಬುತ್ತೇನೆ.

ಕಥೆಯ ಹೊರಗೆ ಇದೇ ಸ್ಥಿತಿಯಲ್ಲಿರುವ ಓದುಗರಿಗೆ ಎರಡು ಮಾತು. ಅರ್ಜಿಯನ್ನು ಕಾರಾದ ಜಾಲತಾಣದಲ್ಲಿ ಹಾಕಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಸಮಾಜಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಕೊನೆಯ ಆದೇಶವನ್ನು ಈಗ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಯವರು ನೀಡುತ್ತಾರೆ. ಬಾಲನ್ಯಾಯ ಕಾಯ್ದೆಯ ಈ ದತ್ತು ಎಲ್ಲ ಮತದವರಿಗೂ ಮುಕ್ತವೆಂದು ಸುಪ್ರೀಂ ಕೋರ್ಟು 2014ರಲ್ಲಿ ಸ್ಪಷ್ಟಪಡಿಸಿದೆ. ಕಾಯುವಿಕೆ ದೀರ್ಘವಾಗಿರುತ್ತದೆ, ಅದನ್ನು ಮುಚ್ಚಿಡಲಾರೆ. ಆ ಕಾಯುವಿಕೆಯಲ್ಲಿ ಸೋತು, ‘ಆಸ್ಪತ್ರೆಯಿಂದ ನೇರ ಮಗು ಕೊಡಿಸುತ್ತೇನೆ’ ಎನ್ನುವ ಮಧ್ಯವರ್ತಿಯ ಮಾತಿಗೆ ಮಾತ್ರ ಕಿವಿಗೊಡಬೇಡಿ. ಮಗುವನ್ನು ಮಾರುವುದೂ ಕೊಳ್ಳುವುದೂ ಐದು ವರ್ಷದವರೆಗೆ ಕಠಿಣ ಸೆರೆ ಮತ್ತು ಒಂದು ಲಕ್ಷ ರೂಪಾಯಿ ದಂಡದ ಅಪರಾಧ. ಹೆತ್ತವಳು ತಾನಾಗಿ ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಿಸಲು ಕಾಯ್ದೆ ಅವಳಿಗೆ ಎರಡು ತಿಂಗಳು ಕೊಟ್ಟಿದೆ. ಮಧ್ಯವರ್ತಿಯ ದಾರಿಯಲ್ಲಿ ಅವಳಿಗೆ ಆ ಎರಡು ತಿಂಗಳು ಸಿಗುವುದಿಲ್ಲ.

ಪ್ರಶ್ನೆ: ಸಂಭಾಷಣೆ ಯಾವ ಭಾಷೆಯಲ್ಲಿದ್ದರೆ ಚೆನ್ನ? (ನೀಲೇಶ್ವರ)

ಉತ್ತರ: ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ನಡೆಯುವ ಕಥೆಗೆ ಒಂದೇ ಭಾಷೆ ಸಾಲದು. ಮನೆಯಲ್ಲಿ ದಂಪತಿ ಕನ್ನಡವಾಡಲಿ, ಗದ್ದೆಯಲ್ಲಿ ತುಳು ಕೇಳಲಿ, ಠಾಣೆಯಲ್ಲಿ ಮಲೆಯಾಳ ಬರಲಿ. ಹುಡುಕುವವರು ತುಳುವಿನಲ್ಲಿ ‘ಬಾಲೆ ತೋಜಿಜಿ’ (ಮಗು ಕಾಣಲಿಲ್ಲ) ಎಂದು ಕೂಗಿದರೆ ಅದು ಗಂಡುಮಗುವಿಗೂ ಸಲ್ಲುವ ಮಾತು. ಕನ್ನಡದ ಕಿವಿಗೆ ಮಾತ್ರ ಬಾಲೆಯೆಂದರೆ ಹುಡುಗಿ. ಕೈಯಲ್ಲಿ ಗಂಡುಮಗುವಿರುವ ಗಂಡ ‘ಅವರು ಹುಡುಕುವುದು ಹೆಣ್ಣುಮಗುವನ್ನು, ನಮ್ಮದಲ್ಲ’ ಎಂದು ಬೇಕೆಂದೇ ತಪ್ಪು ತಿಳಿದುಕೊಳ್ಳಬಹುದು. ತುಳುನಾಡಿನಲ್ಲಿ ಹುಟ್ಟಿದವನಿಗೆ ಆ ಮಾತು ಗೊತ್ತಿಲ್ಲದೆ ಇರುವುದಿಲ್ಲವಾದ್ದರಿಂದ ಅವನು ತನಗೆ ತಾನೇ ಹೇಳಿಕೊಳ್ಳುವ ಮೊದಲ ಸುಳ್ಳು ಇದಾಗುತ್ತದೆ. ರಾತ್ರಿ ಹೆಂಡತಿ ಎಷ್ಟು ‘ಜೋ ಜೋ’ ಹಾಡಿದರೂ ಮಗು ನಿದ್ರಿಸದಿರಲಿ, ಅದರ ಕಿವಿಗೆ ಒಗ್ಗಿದ್ದು ಮಲೆಯಾಳದ ‘ವಾವಾವೋ’. ಬೆಳಗಿನ ಜಾವಕ್ಕೆ ಅವಳು ಅದನ್ನು ಊಹಿಸಿ, ಬಾರದ ಭಾಷೆಯಲ್ಲಿ ಆ ಒಂದೇ ಶಬ್ದವನ್ನು ಹೇಳತೊಡಗಿದಾಗ ಮಗು ಕಣ್ಣು ಮುಚ್ಚಲಿ. ಈ ಮಗುವಿಗೆ ಬೇರೊಬ್ಬ ತಾಯಿಯಿದ್ದಾಳೆಂದು ಅವಳಿಗೆ ಆಗ ಗೊತ್ತಾಗುತ್ತದೆ.

ಪ್ರಶ್ನೆ: ಲೆಕ್ಕದ ಪುಸ್ತಕದಿಂದ ಸಿಕ್ಕಿಬೀಳುವುದು ಚೆನ್ನಾಗಿದೆ. ಆದರೆ ಪೊಲೀಸರು ಹಿಡಿದೊಯ್ಯುವಲ್ಲಿಗೆ ಕಥೆ ಮುಗಿದರೆ ಮನಸ್ಸು ಒಪ್ಪುವುದಿಲ್ಲ. ಬೇರೆ ಕೊನೆ ಇದೆಯೇ? (ಪೆರ್ಲ)

ಉತ್ತರ: ಅವರಾಗಿಯೇ ಹಿಂದಿರುಗಲಿ. ಇಪ್ಪತ್ತನಾಲ್ಕು ಗಂಟೆ ತುಂಬುವ ಮೊದಲು ಮಂಗಳೂರಿನಿಂದ ಬಸ್ಸು ಹತ್ತಿ ಕುಂಬಳೆಯ ಠಾಣೆಗೆ ಬರಲಿ. ಹಾಗೆ ಬಂದರೆಂದು ಕೇಸು ಇಲ್ಲವಾಗಬಾರದು. ಗಂಡ ಹೇಳಿಕೆಗೆ ಸಹಿ ಹಾಕಲಿ. ಅವನ ಪುಸ್ತಕದಲ್ಲಿ ಹಾಲಿನ ಪುಡಿ, ಬಸ್ಸಿನ ಟಿಕೇಟು, ಒಂದು ಗಿಲಿಕೆ ಎಂದು ಬರೆದಿದೆ. ಅದನ್ನು ನೋಡಿದ ಪೊಲೀಸಿನವರು ಈ ಹಣವನ್ನು ಯಾರಿಂದ ವಸೂಲು ಮಾಡಲು ಬರೆದಿದ್ದೀಯೆಂದು ಕೇಳಿದಾಗ ಅವನು, ಇದು ನಾವು ಕೊಡಬೇಕಾದ್ದಲ್ಲ, ಅವರು ಕೊಡಬೇಕಾದ್ದೂ ಅಲ್ಲ, ಬರೆಯದೆ ಇರಲಾಗಲಿಲ್ಲ ಎಂದು ಹೇಳಲಿ. ಓದುಗರು ಅಲ್ಲಿ ನಗುತ್ತಾರೆ, ನಗಲಿ.

ಅಷ್ಟು ಹೊತ್ತಿಗೆ ತಾಯಿ ಬರುತ್ತಾಳೆ. ಅವಳು ಬೈಯಲಿ, ಹೊಡೆಯಲು ಕೈಯೆತ್ತಲಿ. ಕ್ಷಮಿಸಿದೆನೆಂದು ಅವಳ ಬಾಯಲ್ಲಿ ಹೇಳಿಸಬೇಡಿ. ಮಗುವನ್ನು ಕೊಡುವಾಗ ಹೊಲಿಗೆಯವಳು ಆ ಒಂದು ರಾತ್ರಿಯಲ್ಲಿ ಹೊಲಿದ ಅಂಗಿಯನ್ನೂ ಕೊಡುತ್ತಾಳೆ. ತಾಯಿ ಅದನ್ನು ಮಗುವಿನ ಮೈಗೆ ಹಿಡಿದು ನೋಡಿ, ದೊಡ್ಡದಾಯಿತು ಎನ್ನುತ್ತಾಳೆ. ‘ಆಟಿ ತಿಂಗಳಿಗೆ ಸರಿಯಾಗುತ್ತದೆ. ಬಗಲಿನಲ್ಲಿ ಎರಡಂಗುಲ ಬಟ್ಟೆ ಒಳಗೆ ಬಿಟ್ಟಿದ್ದೇನೆ, ಬಿಚ್ಚಿ ಹೊಲಿದರೆ ಮುಂದಿನ ವರ್ಷಕ್ಕೂ ಬಂದೀತು’ ಎಂದು ಹೊಲಿಗೆಯವಳು ಹೇಳಲಿ. ಹೇಳುವಾಗ ಅವಳ ಕೈ ಮಗುವಿನ ಕುತ್ತಿಗೆಯ ಕೆಳಗೆ, ಎಲ್ಲಿರಬೇಕೋ ಅಲ್ಲಿಯೇ ಇರಲಿ.